ಸೀಬೆ ಮರದ ಕುಡಿತ

ನಮ್ಮ ವಂಶದಲ್ಲಿ ಕಾಗದದ ಹಿಂಬದಿಯನ್ನು ಓದಿದ ಮೊದಲ ಮನುಷ್ಯ ನಾನು. ಮುಂಬದಿಯನ್ನು ಓದಿದವನೂ ನಾನೇ ಮೊದಲು, ಆ ಮಾತು ಬೇರೆ. ನಮ್ಮಪ್ಪ ಯಾವ ಕಾಗದ ಬಂದರೂ ಅದನ್ನು ಬೆಳಕಿಗೆ ಹಿಡಿದು, "ಮೊಹರು ಚೆನ್ನಾಗಿ ಬಿದ್ದಿದೆ" ಎಂದು ಮೆಚ್ಚಿ, ಸೂರಿನಲ್ಲಿ ಸಿಕ್ಕಿಸಿಬಿಡುತ್ತಿದ್ದರು. ನಾನು ಪದವಿ ಮುಗಿಸಿ, ಪಟ್ಟಣ ಸೇರಿ, ಔಷಧಿ ಗೋದಾಮಿನಲ್ಲಿ ಕೆಲಸ ಹಿಡಿದ ಮೇಲೆ ಅಪ್ಪ ಓದದೆ ಬಿಟ್ಟದ್ದನ್ನೆಲ್ಲ ಸೇರಿಸಿ ಓದತೊಡಗಿದೆ. ಮಾತ್ರೆ ಡಬ್ಬದ ಮೇಲಿನ ಇರುವೆಯಂಥ ಅಕ್ಷರ, ಬಸ್ ಟಿಕೆಟ್ಟಿನ ಷರತ್ತುಗಳು, ಬೆಂಕಿಪೊಟ್ಟಣದ ಮೇಲಿನ ವಿಳಾಸ, ಯಾವುದನ್ನೂ ಬಿಟ್ಟವನಲ್ಲ. ("ಮದುವೆಗೆ ಮುಂಚೆ ನನ್ನನ್ನೂ ಹೀಗೇ ಓದಿದ್ದಿದ್ರೆ ಇಬ್ಬರಿಗೂ ಒಳ್ಳೇದಾಗ್ತಿತ್ತು" ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ.)

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ನೀರಿನ ಬಿಲ್ಲಿನ ಹಿಂಬದಿ ನನ್ನ ಕಣ್ಣಿಗೆ ಬಿತ್ತು. ಅಲ್ಲಿ ಹನ್ನೊಂದನೆಯ ನಿಯಮ ಹೀಗಿತ್ತು: "ಒಳಚರಂಡಿ ಶುಲ್ಕವು ನೀರಿನ ಶುಲ್ಕದ ಕಾಲು ಭಾಗ. ಮನೆಗೆ ಬಂದ ನೀರೆಲ್ಲವೂ ಒಳಚರಂಡಿಗೆ ಸೇರುತ್ತದೆಂದು ಭಾವಿಸಲಾಗಿದೆ. ಹಾಗಲ್ಲವೆಂದು ಬಳಕೆದಾರರು ರುಜುವಾತುಪಡಿಸಿದಲ್ಲಿ ಕಡಿತವನ್ನು ಪರಿಶೀಲಿಸಲಾಗುವುದು."

"ಭಾವಿಸಲಾಗಿದೆ" ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಭಾವಿಸಿದವರು ಯಾರು? ಎಲ್ಲಿ ಕೂತು ಭಾವಿಸಿದರು? ಬರುವ ನೀರಿಗೆ ಮೀಟರ್ ಇದೆ, ಅದಕ್ಕೊಂದು ಗಾಜಿನ ಮುಚ್ಚಳ, ಒಳಗೆ ತಿರುಗುವ ಕೆಂಪು ಮುಳ್ಳು, ಎಲ್ಲ ಇದೆ. ಹೋಗುವ ನೀರನ್ನು ಮಾತ್ರ ಕೇಳುವವರೇ ಇಲ್ಲ. ನಾನು ಬಿಲ್ಲು ಹಿಡಿದು ಅಡುಗೆಮನೆಗೆ ಹೋದೆ.

"ನೋಡೇ, ನಮ್ಮನೆಗೆ ಬಂದ ನೀರೆಲ್ಲ ಆಮೇಲೆ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೆ ಹೋಗುತ್ತೆ? ಬಚ್ಚಲಿಗೆ."

"ಬಚ್ಚಲಿಂದ?"

"ಹೊರಗೆ."

"ಹೊರಗೆ ಎಲ್ಲಿಗೆ? ನೀನು ನೋಡಿದ್ದೀಯಾ?"

"ಕೊಳೆನೀರನ್ನ ಯಾರಾದ್ರೂ ಬೀದಿ ತುದೀವರೆಗೂ ಹೋಗಿ ಕಳಿಸಿ ಬರ್ತಾರೇನ್ರೀ? ಅದೇನು ನೆಂಟರಾ?" ಎಂದು ಅವಳು ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು.

ಆದರೆ ನನ್ನ ತಲೆಯಲ್ಲಿ ಒಂದು ದಿವ್ಯ ವಿಚಾರ ಮೊಳೆತಿತ್ತು. ನಮ್ಮ ಮನೆಯ ಮುಂದೆ ಹದಿನೆಂಟು ಹೂಕುಂಡಗಳಿವೆ. ಅವಕ್ಕೆ ಹೊಯ್ದ ನೀರು ಮಣ್ಣಿಗೆ ಹೋಗುತ್ತದೆಯೇ ಹೊರತು ಒಳಚರಂಡಿಗಲ್ಲ. ಆ ನೀರಿಗೆ ನಾನೇಕೆ ಒಳಚರಂಡಿ ಶುಲ್ಕ ಕೊಡಬೇಕು? ರುಜುವಾತು ಬೇಕೆನ್ನುತ್ತಾರೆ, ಕೊಟ್ಟರಾಯಿತು.

ಇಲ್ಲಿ ಹಿತ್ತಿಲಿನ ಸೀಬೆ ಮರದ ವಿಷಯ ಹೇಳಬೇಕು. ಹದಿನಾಲ್ಕು ವರ್ಷದ ಹಿಂದೆ ಈ ಹಳೆಯ ಮನೆಯನ್ನು ಕೊಂಡಾಗ ನನ್ನ ಹೆಂಡತಿ ನೆಟ್ಟ ಗಿಡ ಅದು. ನೆಟ್ಟ ವರ್ಷ ನಾಲ್ಕು ದಿನ ನೀರು ಹಾಕಿದ್ದಳಷ್ಟೆ, ಮತ್ತೆ ಅದು ಏನನ್ನೂ ಕೇಳಲಿಲ್ಲ. ಬಿರುಬೇಸಗೆಯಲ್ಲಿ ಪಕ್ಕದ ಮನೆಗಳ ಗಿಡಗಳೆಲ್ಲ ಕಡ್ಡಿಯಾಗಿ ನಿಂತಾಗಲೂ ಇದು ಎಲೆ ತುಂಬಿಕೊಂಡು, ಮುಷ್ಟಿ ಗಾತ್ರದ ಹಣ್ಣು ಬಿಡುತ್ತಿತ್ತು. ಬೀದಿಗೆಲ್ಲ ಹಣ್ಣು ಹಂಚುವವಳು ನನ್ನ ಹೆಂಡತಿ. "ಏನು ಹಾಕ್ತೀರಿ ಇದಕ್ಕೆ?" ಎಂದು ಹೆಂಗಸರು ಕೇಳಿದರೆ, ಸೆರಗು ಸರಿಮಾಡಿಕೊಂಡು, "ಏನೂ ಇಲ್ಲಪ್ಪ, ಎಲ್ಲ ಕೈಗುಣ" ಎನ್ನುತ್ತಿದ್ದಳು. ಔಷಧಿ ಗೋದಾಮಿನವನನ್ನು ಆ ಬೀದಿಯಲ್ಲಿ ಯಾರೂ ಗುರುತಿಸುವುದಿಲ್ಲ. ಸೀಬೆ ಮರದವರ ಯಜಮಾನರು ಎಂದರೆ ಜಾಗ ಬಿಡುತ್ತಾರೆ.

ಹದಿನೈದು ದಿನ ಲೆಕ್ಕ ಬರೆದೆ. ಅವಳು ಕುಂಡಗಳಿಗೆ ನೀರು ಹಾಕುವಾಗ ನಾನು ಹಿಂದೆ ಹಿಂದೆ ಪುಸ್ತಕ ಹಿಡಿದು ನಡೆದೆ. ಕುಂಡದ ನೀರಿನ ಜೊತೆಗೆ, ಕುಕ್ಕರಿನ ಮೂರು ಕೂಗಿಗೆ ಆವಿಯಾಗಿ ಹೋದದ್ದು, ಬಟ್ಟೆಯಲ್ಲಿ ಒಣಗಿದ್ದು, ಬೇಸಗೆಯಾದ್ದರಿಂದ ನಮ್ಮಿಬ್ಬರ ಬೆವರು, ಎಲ್ಲವನ್ನೂ ಅಂದಾಜು ಮಾಡಿ ಸೇರಿಸಿದೆ. ಒಂದು ದಿನ ಅವಳು ಮುಂಗೈಯಲ್ಲಿ ಕಣ್ಣು ಒರೆಸಿಕೊಂಡಾಗ (ಈರುಳ್ಳಿ ಹೆಚ್ಚುತ್ತಿದ್ದಳು) ನನ್ನ ಕೈ ತಾನಾಗಿ ಪೆನ್ಸಿಲಿನ ಕಡೆ ಹೋಯಿತು.

"ಬರೀರಿ, ಬರೀರಿ," ಎಂದಳು. "ನಿಮ್ಮನ್ನ ಕಟ್ಟಿಕೊಂಡ ದಿನದಿಂದ ಹರಿದಿದ್ದೆಲ್ಲ ಸೇರಿಸಿ ಬರೀರಿ. ಅವರೇ ನಮಗೆ ತಿರುಗಿ ಕೊಡ್ಬೇಕಾಗುತ್ತೆ."

ಹದಿನಾರು ಪುಟದ ಅರ್ಜಿಯನ್ನು ನೀರಿನ ಕಚೇರಿಗೆ ಕೊಟ್ಟೆ. ಅಲ್ಲಿನ ಗುಮಾಸ್ತರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಹನ್ನೊಂದನೇ ನಿಯಮಾನ ಇದುವರೆಗೂ ಯಾರೂ ಓದಿಲ್ಲ ಸಾರ್," ಎಂದರು. ಮೊಹರು ಒತ್ತುತ್ತ, "ನಾನೂ ಓದಿಲ್ಲ," ಎಂದರು.

ಎಂಟು ದಿನಕ್ಕೆ ಇಂಜಿನಿಯರಮ್ಮ ಬಂದರು. ಚಿಕ್ಕ ವಯಸ್ಸು, ಮೊಣಕಾಲವರೆಗಿನ ರಬ್ಬರ್ ಬೂಟು, ಜೊತೆಗೆ ಹಾರೆ ಹಿಡಿದ ಒಬ್ಬ ಕೆಲಸಗಾರ. "ಸರ್, ಹದಿನಾರು ಪುಟಾನೂ ಓದಿದೆ," ಎಂದರು. ನನ್ನ ಜೀವನದಲ್ಲಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. "ಬೆವರಿನ ಪುಟ ತುಂಬ ಚೆನ್ನಾಗಿತ್ತು. ಆದ್ರೆ ಕಡಿತ ಕೊಡೋಕೆ ಮುಂಚೆ, ಉಳಿದ ನೀರು ಒಳಚರಂಡಿಗೆ ಸರಿಯಾಗಿ ಬರ್ತಿದೆಯಾ ಅಂತ ನಾನು ನೋಡ್ಬೇಕು."

"ನೋಡಲೇಬೇಕು," ಎಂದೆ. ನೋಡುವ ಆಸೆ ನನಗೇ ಹೆಚ್ಚಾಗಿತ್ತು.

ನಮ್ಮ ಮನೆಗೆ ಎರಡು ಕೊಳವೆ ದಾರಿಗಳಿವೆ. ಕಕ್ಕಸಿನದು ಮನೆಯ ಮುಂದಿನ ಬೀದಿಯ ಚರಂಡಿಗೆ ನೇರವಾಗಿ ಹೋಗುತ್ತದೆ. ಅದನ್ನು ಅವರು ಮೊದಲೇ ನೋಡಿ ಸರಿ ಇದೆ ಎಂದರು. (ಮುಂದಿನ ಕಥೆ ಓದುವಾಗ ಸೀಬೆಹಣ್ಣು ಪ್ರಿಯರು ಈ ವಾಕ್ಯವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.) ಬಚ್ಚಲು, ಅಡುಗೆಮನೆ, ಬಟ್ಟೆ ಒಗೆಯುವ ಜಾಗದ ನೀರು ಮಾತ್ರ ಹಿತ್ತಿಲಿನ ಕೆಳಗೆ ಹಾದು ಹಿಂದಿನ ಓಣಿಯ ಚರಂಡಿಗೆ ಸೇರಬೇಕು. ಇಂಜಿನಿಯರಮ್ಮ ನನ್ನ ಕೈಗೆ ಒಂದು ಪೊಟ್ಟಣ ಹಸಿರು ಪುಡಿ ಕೊಟ್ಟರು. ಅದನ್ನು ಬಚ್ಚಲಲ್ಲಿ ಕದಡಿ ಸುರಿಯಬೇಕು, ಓಣಿಯ ಮ್ಯಾನ್‌ಹೋಲಿನಲ್ಲಿ ಹಸಿರು ಬಣ್ಣ ಕಾಣಬೇಕು. ಎಷ್ಟು ಸರಳ, ಎಷ್ಟು ಸುಂದರ. ನಾನು ಸುರಿದೆ. ಓಡಿಹೋಗಿ ಓಣಿಯಲ್ಲಿ ಬಗ್ಗಿ ನೋಡಿದೆ.

ಬರಲಿಲ್ಲ. ಇನ್ನೆರಡು ಕೊಡ ಸುರಿದೆ. ಬರಲಿಲ್ಲ. ನಾವು ಮೂವರು ಬಗ್ಗಿ ನೋಡುವುದನ್ನು ಕಂಡು ಹಿಂದಿನ ಮನೆಯ ಅಜ್ಜಿ ಬಂದು ಬಗ್ಗಿದರು. ಅಜ್ಜಿ ಬಗ್ಗಿದ್ದನ್ನು ಕಂಡು ಇಸ್ತ್ರಿ ಅಂಗಡಿಯವನು ಬಗ್ಗಿದ. ಏನು ಬಿದ್ದಿದೆ ಎಂದು ಕೇಳಿದವರಿಗೆ, "ಏನೂ ಬಂದಿಲ್ಲ, ಅದನ್ನೇ ನೋಡ್ತಿದ್ದೀವಿ," ಎಂದು ಅಜ್ಜಿ ವಿವರಿಸುತ್ತಿದ್ದರು. ಬಚ್ಚಲಿನಿಂದ ಹತ್ತು ಕೊಡ ಇಳಿಯಿತು, ಓಣಿಗೆ ಒಂದು ಹನಿಯೂ ಹತ್ತಲಿಲ್ಲ.

"ಸರ್," ಎಂದು ಇಂಜಿನಿಯರಮ್ಮ ನೆಟ್ಟಗಾದರು, "ನೀವು ಹೇಳಿದ್ದು ನಿಜ. ನಿಮ್ಮ ನೀರು ಒಳಚರಂಡಿಗೆ ಬರ್ತಿಲ್ಲ. ಕುಂಡದ್ದಷ್ಟೇ ಅಲ್ಲ, ಈ ದಾರೀದು ಯಾವುದೂ ಬರ್ತಿಲ್ಲ."

ನನಗಾದ ಆನಂದವನ್ನು ಹೇಗೆ ಹೇಳಲಿ? ಕಾಲು ಪಾಲು ಕಡಿತ ಕೇಳಹೋದವನಿಗೆ, ಕಕ್ಕಸಿನ ನೀರನ್ನು ಬಿಟ್ಟು, ಮುಕ್ಕಾಲು ಪಾಲು ಸಿಕ್ಕಿತ್ತು. ಭಾವಿಸಿದವರೆಲ್ಲ ತಪ್ಪು, ಓದಿದವನು ಸರಿ.

"ಹಾಗಾದ್ರೆ ಎಲ್ಲಿಗೆ ಹೋಗ್ತಿದೆ?" ಎಂದು ಅವರು ತಮಗೆ ತಾವೇ ಕೇಳಿಕೊಂಡರು. "ಪೈಪಿನೊಳಗೆ ಇಳಿಸೋ ಕ್ಯಾಮೆರಾ ದೊಡ್ಡ ಕಚೇರೀಲಿದೆ. ಬರೋಕೆ ತಿಂಗಳಾಗುತ್ತೆ."

ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಹಳ್ಳಿಯಲ್ಲಿ ಬೆಳೆದ ಪದವೀಧರನ ಕಷ್ಟ ನಿಮಗೆ ಗೊತ್ತಿಲ್ಲ. ಓದಿದವರ ನಡುವೆ ಹಳ್ಳಿಯ ವಿದ್ಯೆ ಉಪಯೋಗಕ್ಕೆ ಬರುವ ಗಳಿಗೆಗಾಗಿ ಅವನು ವರ್ಷಗಟ್ಟಲೆ ಕಾದಿರುತ್ತಾನೆ. ಐದಾರು ಜನ ಸೇರಿದ್ದಾರೆ, ಇಂಜಿನಿಯರಿಗೇ ತೋಚುತ್ತಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ.

"ಮೇಡಂ, ಕ್ಯಾಮೆರಾ ಯಾಕೆ? ನಮ್ಮಪ್ಪ ಹೊಲದ ಕಾಲುವೆ ಎಲ್ಲಿ ಒಡೆದಿದೆ ಅಂತ ಕಂಡುಹಿಡೀತಿದ್ದದ್ದು ಒಂದೇ ರೀತಿ. ಬದುವಿನ ಮೇಲೆ ನಿಂತು, ಬೇಸಗೆಯಲ್ಲಿ ಯಾವ ಜಾಗ ಎಲ್ಲಕ್ಕಿಂತ ಹಸಿರಾಗಿದೆ ಅಂತ ನೋಡೋದು. ಅದರ ಬುಡದಲ್ಲೇ ಸೋರಿಕೆ."

"ಅದ್ಭುತ," ಎಂದು ಇಂಜಿನಿಯರಮ್ಮ ತಿರುಗಿದರು. ಎಲ್ಲರೂ ತಿರುಗಿದರು. ಗೋಡೆಯಾಚೆ, ಒಣಗಿದ ಹಿತ್ತಿಲುಗಳ ನಡುವೆ, ತಾನೊಬ್ಬಳೇ ಮಳೆಗಾಲದಲ್ಲಿದ್ದಂತೆ ನಮ್ಮ ಸೀಬೆ ಮರ ನಿಂತಿತ್ತು. ಅದರ ಕೆಳಗೆ ನನ್ನ ಹೆಂಡತಿ ನಿಂತಿದ್ದಳು. ಅವಳ ಮುಖವನ್ನು ನೋಡಿದ ಮೇಲೆ ನಾನು ನನ್ನ ಚಪ್ಪಲಿಯ ಕಡೆ ನೋಡಿಕೊಂಡೆ.

ಎರಡಡಿ ಅಗೆಯುವಷ್ಟರಲ್ಲಿ ಹಾರೆಗೆ ಹಸಿರು ನೀರು ಹತ್ತಿತು. ಮನೆ ಕಟ್ಟಿದವರು ಹಾಕಿಸಿದ್ದ ಮಣ್ಣಿನ ಪೈಪು, ನನಗಿಂತ ಹಿರಿಯದು, ಅಲ್ಲಿ ಹೋಳಾಗಿ ಬಾಯಿ ಬಿಟ್ಟಿತ್ತು. ಅದರೊಳಕ್ಕೆ ಬೇರುಗಳು ಜಡೆ ಹೆಣೆದಂತೆ ತುಂಬಿಕೊಂಡಿದ್ದವು. ಹದಿನಾಲ್ಕು ವರ್ಷ ನಾವು ಮಿಂದದ್ದು, ಒಗೆದದ್ದು, ತೊಳೆದದ್ದು, ಎಲ್ಲವನ್ನೂ ಮರ ಒಂದು ಹನಿ ಬಿಡದೆ ಕುಡಿದಿತ್ತು.

"ಓ, ಇದಾ ನಿನ್ನ ಕೈಗುಣ?" ಎಂದು ಗೋಡೆಯ ಮೇಲಿಂದ ಅಜ್ಜಿ ಕೇಳಿದರು. "ನಾನು ಗೊಬ್ಬರ ಅಂದ್ಕೊಂಡಿದ್ದೆ. ಸೋಪಿನ ನೀರಾ?"

ನನ್ನ ಹೆಂಡತಿ ಒಳಗೆ ಹೋದಳು. ನಾನು ಇಂಜಿನಿಯರಮ್ಮನ ಕಡೆ ತಿರುಗಿ, "ಹಾಗಾದ್ರೆ ಮುಕ್ಕಾಲು ಪಾಲು ಶುಲ್ಕ ಕಡಿತ," ಎಂದೆ, ಮೆಲ್ಲಗೆ.

"ಇಲ್ಲ ಸರ್. ಮರಕ್ಕೆ ನೀವು ಹಾಕಿದ್ರೆ ಕಡಿತ. ಅದೇ ಕದ್ದು ಕುಡಿದ್ರೆ ಇಲ್ಲ," ಎಂದು ಅವರು ಪುಸ್ತಕ ತೆಗೆದರು. "ಊರೆಲ್ಲ ಇದೇ ವಯಸ್ಸಿನ ಪೈಪುಗಳು. ನೀವು ಕೊಡೋ ಆ ಕಾಲು ಭಾಗದಲ್ಲೇ ನಾವು ಬೀದಿ ಬೀದೀದು ಬದಲಾಯಿಸ್ತಾ ಬರ್ತಿದ್ದೀವಿ. ಆದ್ರೆ ಕಾಂಪೌಂಡ್ ಒಳಗಿನದು ಮನೆಯವರದ್ದೇ. ಹಿಂಬದಿಯಲ್ಲಿ ಹದಿನಾಲ್ಕನೇ ನಿಯಮ ಓದಿರ್ತೀರಿ."

ಓದಿರಲಿಲ್ಲ. ಹನ್ನೊಂದರಲ್ಲೇ ಮೈಮರೆತು ನಿಂತುಬಿಟ್ಟಿದ್ದೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಹಿಂಬದಿಯನ್ನು ಅರ್ಧ ಓದಿದ್ದೆ. ಹದಿನಾಲ್ಕನೆಯ ನಿಯಮದ ಪ್ರಕಾರ ಮೂವತ್ತು ದಿನದೊಳಗೆ ಹೊಸ ಪೈಪು ಹಾಕಿಸಬೇಕು, ಇಲ್ಲವಾದರೆ ಮನೆಗೆ ಬರುವ ನೀರೇ ನಿಲ್ಲುತ್ತದೆ.

ಮಾರನೆಯ ದಿನ ಕೊಳಾಯಿ ಮೇಸ್ತ್ರಿಯನ್ನು ಕರೆಸಿದೆ. ಅವರು ಹಿತ್ತಿಲಲ್ಲಿ ಒಂದು ಸುತ್ತು ಹಾಕಿ, ಮರದ ಬೊಡ್ಡೆಗೆ ಕೈಯಿಟ್ಟು ನಿಂತರು.

"ಅಕ್ಕಾ, ದಾರಿ ಇರೋದು ಇದೇ. ಮರ ತೆಗೀಬೇಕು, ಪೈಪು ಹಾಕ್ಬೇಕು."

"ಮರ ಇದ್ದ ಹಾಗೇ ಹಾಕಿ," ಎಂದಳು ನನ್ನ ಹೆಂಡತಿ.

"ಹಾಕ್ಬೋದು. ಎರಡು ವರ್ಷಕ್ಕೆ ಬೇರು ಮತ್ತೆ ಪೈಪಿಗೇ ಬರುತ್ತೆ. ತವರಿನ ದಾರಿ ಮರೆತ ಹೆಣ್ಣುಮಗಳನ್ನ ಎಲ್ಲಾದ್ರೂ ನೋಡಿದ್ದೀರಾ?"

"ಮರ ತೆಗೆಯೋ ಮಾತು ಬೇಡ. ಬೇರೆ ದಾರಿ ಹೇಳಿ."

"ಬೇರೆ ದಾರಿ ಅಂದ್ರೆ..." ಎಂದು ಮೇಸ್ತ್ರಿ ಮನೆಯ ಪಕ್ಕಕ್ಕೆ ಬಂದರು. "ಬಚ್ಚಲಿಂದ ಹೀಗೆ ಪಕ್ಕದಲ್ಲಿ ಹಾಯಿಸಿ ಮುಂದಿನ ಬೀದಿಗೆ ಸೇರಿಸ್ಬೋದಿತ್ತು. ಆದ್ರೆ ಇಲ್ಲಿ ಯಾರೋ ರೂಮು ಕಟ್ಟಿಬಿಟ್ಟಿದ್ದಾರಲ್ಲ."

ಆ ಯಾರೋ ನಾನೇ. ಗೋಡೆಗೂ ಕಾಂಪೌಂಡಿಗೂ ನಡುವೆ ಇದ್ದ ಐದಡಿ ಅಗಲದ ಸಂದಿಗೆ ಶೀಟು ಹೊದಿಸಿ, ಒಂದು ಮೇಜು, ಒಂದು ಕುರ್ಚಿ, ಎರಡು ಸಾಲು ಪುಸ್ತಕ ಇಟ್ಟುಕೊಂಡಿದ್ದೆ. ಹನ್ನೊಂದು ಜನರಿದ್ದ ಎರಡು ಅಂಕಣದ ಮನೆಯಲ್ಲಿ, ದನದ ಕೊಟ್ಟಿಗೆಯ ದೀಪದಲ್ಲಿ ಓದಿದವನಿಗೆ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಎಂದರೆ ಏನೆಂದು ನಾನು ಯಾರಿಗೂ ಹೇಳಿರಲಿಲ್ಲ. ಅವಳಿಗೂ ಹೇಳಿರಲಿಲ್ಲ.

"ಮರ ಬೇಕಾದ್ರೆ ಇನ್ನೊಂದು ನೆಡ್ಬೋದು," ಎಂದು ಗೊಣಗಿದೆ.

"ಕೋಣೆ ಬೇಕಾದ್ರೆ ಇನ್ನೊಂದು ಕಟ್ಬೋದು," ಎಂದಳು. "ನನ್ನ ಮರ ನಿಮ್ಮ ತಂಟೆಗೆ ಬಂದಿತ್ತೇನ್ರೀ? ಅದು ಅರ್ಜಿ ಬರೀತಾ? ಇಡೀ ಬೀದಿ ಎದುರಿಗೆ ಹಸಿರಾಗಿದೆ, ಹಸಿರಾಗಿದೆ ಅಂತ ಬೆರಳು ತೋರಿಸಿದ್ದು ಯಾರು?"

"ಬೆರಳು ತೋರಿಸಲಿಲ್ಲ. ಅಪ್ಪನ ಮಾತು ಹೇಳಿದೆ ಅಷ್ಟೆ."

"ಮಾವನವರ ಮಾತನ್ನ ನಡುವೆ ತರ್ಬೇಡಿ. ಅವರು ಹಸಿರು ಕಂಡ ಕಡೆ ಕಾಲುವೆ ಬಿರುಕು ಮುಚ್ತಿದ್ರು, ಬೆಳೆ ಕಡೀತಿರ್ಲಿಲ್ಲ."

ಅಪ್ಪನ ಬಗ್ಗೆ ಅವಳಿಗೆ ತಿಳಿದಷ್ಟು ನನಗೆ ತಿಳಿದಿಲ್ಲವೆಂದು ಆಗಾಗ ಅನಿಸುವುದುಂಟು. ಮೇಸ್ತ್ರಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ನನ್ನ ಕೋಣೆಯ ನೆಲವನ್ನು ಹಾರೆಯ ತುದಿಯಿಂದ ತಟ್ಟಿ ಪರೀಕ್ಷಿಸತೊಡಗಿದರು. ಯಾರ ಮಾತು ನಡೆಯುತ್ತದೆ ಎನ್ನುವುದು ಮೇಸ್ತ್ರಿಗಳಿಗೆ ಬೇಗ ತಿಳಿಯುತ್ತದೆ.

ಪೈಪು ಬಂತು. ಬಚ್ಚಲಿನಿಂದ ಬಂದು ಬೀದಿಗೆ ತಿರುಗುವ ಮೂಲೆಯಲ್ಲಿ ಒಂದು ಚೇಂಬರ್ ಬೇಕೇ ಬೇಕೆಂದರು, ಕಸ ಕಟ್ಟಿದರೆ ತೆಗೆಯಲು. ಆ ಮೂಲೆ ಸರಿಯಾಗಿ ನನ್ನ ಮೇಜಿನ ಕೆಳಗೆ ಬಂತು. ಈಗ ನಾನು ಓದಲು ಕೂತರೆ ಕಾಲು ಇಡುವುದು ಒಂದು ಕಬ್ಬಿಣದ ಮುಚ್ಚಳದ ಮೇಲೆ. ಬೇಸಗೆಯಲ್ಲಿ ತಂಪಾಗಿರುತ್ತದೆ, ಇಲ್ಲವೆನ್ನಲಾರೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹಳೆಯ ಪೈಪು ಮುಚ್ಚಿದ ಇಪ್ಪತ್ತನೆಯ ದಿನಕ್ಕೆ ಸೀಬೆ ಮರ ಎಲೆ ಬಾಡಿಸಿಕೊಂಡಿತು. ಕಾಯಿಗಳು ಗೋಲಿ ಗಾತ್ರದಲ್ಲೇ ಉದುರತೊಡಗಿದವು. ಹೆಂಡತಿ ಊಟ ಮಾಡುವಾಗ ಕಿಟಕಿಯಾಚೆ ನೋಡುತ್ತಿದ್ದಳು. ಬೀದಿಯ ಹೆಂಗಸರು ಮರ ಹೇಗಿದೆ ಎಂದು ಕೇಳಿದರೆ, ಮನೆಯಲ್ಲಿ ಯಾರಿಗೋ ಕಾಯಿಲೆಯೆಂಬಂತೆ, "ಪರವಾಗಿಲ್ಲ" ಎಂದು ದನಿ ತಗ್ಗಿಸಿ ಬೇಗ ಒಳಗೆ ಬರುತ್ತಿದ್ದಳು. ಅದನ್ನು ನೋಡುವುದು ನನಗೂ ಕಷ್ಟವಾಯಿತು. ನಲ್ಲಿಗೆ ಉದ್ದನೆಯ ರಬ್ಬರ್ ಪೈಪು ಸಿಕ್ಕಿಸಿ ದಿನಾ ಒಂದು ಗಂಟೆ ಮರಕ್ಕೆ ನೀರು ಬಿಟ್ಟೆ. ಮರ ಚೇತರಿಸಿಕೊಂಡಿತು. ಬಿಲ್ಲೂ ಬಂತು, ಮೊದಲಿನ ಎರಡರಷ್ಟು. ಮರ ಕುಡಿದ ನೀರಿಗೂ ಸೇರಿ ಕಾಲು ಭಾಗ ಒಳಚರಂಡಿ ಶುಲ್ಕ.

ಈಗ ನೋಡಿ, ನಿಜವಾದ ಅರ್ಜಿಗೆ ನಿಜವಾದ ಕಾರಣ ಹುಟ್ಟಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದೆ. ಹೆಂಡತಿ ಬಂದು ಪೆನ್ನು ಕಿತ್ತುಕೊಂಡು, ಆ ಕೈಗೆ ಒಂದು ಬಕೆಟ್ ಕೊಟ್ಟಳು.

"ಇನ್ನೊಂದು ಅರ್ಜಿ ಬರೆದ್ರೆ ಅವರು ಅಡುಗೆಮನೆ ಅಗೀತಾರೆ. ಅದು ನಲ್ಲಿ ನೀರು ಕುಡಿದು ಬೆಳೆದ ಮರ ಅಲ್ಲ. ಬಚ್ಚಲ ನೀರು ಅದರದ್ದು. ತಗೊಂಡು ಹೋಗಿ ಹಾಕಿ."

ಅಂದಿನಿಂದ ನನ್ನ ದಿನಚರಿ ಬದಲಾಗಿದೆ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋಗುವ ಮುಂಚೆ ಬಚ್ಚಲಿನ ತೂತಿಗೆ ಬಟ್ಟೆ ತುರುಕುತ್ತಾಳೆ. ಪಾದ ಮುಳುಗುವಷ್ಟು ನೀರು ನಿಂತ ಮೇಲೆ ನಾನು ಪ್ಯಾಂಟು ಮಡಚಿಕೊಂಡು ಇಳಿಯುತ್ತೇನೆ. ಚೊಂಬಿನಿಂದ ಗೋರಿ ಬಕೆಟ್ ತುಂಬಿಸುತ್ತೇನೆ. ಇಬ್ಬರ ಸ್ನಾನದ್ದೂ ಸೇರಿ ಒಟ್ಟು ಒಂಬತ್ತು ಬಕೆಟ್. ಆಮೇಲೆ ಪಾತ್ರೆ ತೊಳೆದ ನೀರು ಎರಡು, ಬಟ್ಟೆ ಒಗೆದ ದಿನ ಇನ್ನಾರು. ಹದಿನಾಲ್ಕು ವರ್ಷ ಒಂದು ಒಡೆದ ಪೈಪು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಈಗ ಒಬ್ಬ ಪದವೀಧರ ಮಾಡುತ್ತಿದ್ದಾನೆ. ಪೈಪಿಗೆ ಸೊಂಟ ನೋವಿರಲಿಲ್ಲ.

ಮೊನ್ನೆ ಹೊಸ ಪೈಪಿನ ತಪಾಸಣೆಗೆ ಇಂಜಿನಿಯರಮ್ಮ ಬಂದರು. ನಾನು ಒಳಗೆ ಬಚ್ಚಲಲ್ಲಿದ್ದೆ. ಹೆಂಡತಿ ಅವರನ್ನು ನೇರವಾಗಿ ನನ್ನ ಕೋಣೆಗೆ ಕರೆದುಕೊಂಡು ಹೋಗಿ, ಮೇಜು ಸರಿಸಿ, ಕಬ್ಬಿಣದ ಮುಚ್ಚಳ ತೆಗೆಸಿದಳು. ಒಳಗೆ ಒಂದು ಜೇಡ ನೆಮ್ಮದಿಯಾಗಿ ಬಲೆ ಕಟ್ಟಿಕೊಂಡು ಕೂತಿತ್ತು.

"ಅಮ್ಮಾ, ಪೈಪು ಹಾಕಿ ಮೂರು ತಿಂಗಳಾಯ್ತು. ಇದರಲ್ಲಿ ಈಚೆಗೆ ನೀರು ಹರಿದ ಗುರುತೇ ಇಲ್ವಲ್ಲ," ಎಂದರು ಇಂಜಿನಿಯರಮ್ಮ. "ನಿಮ್ಮ ನೀರೆಲ್ಲ ಈಗ ಎಲ್ಲಿಗೆ ಹೋಗ್ತಿದೆ?"

ಆ ಹೊತ್ತಿಗೆ ನಾನು ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು, ಮೊಣಕಾಲವರೆಗೆ ಪ್ಯಾಂಟು ಮಡಚಿ, ಬಾಗಿಲ ಮುಂದೆ ಹಾದುಹೋದೆ. ನಿಂತು ನಮಸ್ಕಾರ ಮಾಡಲು ಕೈ ಖಾಲಿ ಇರಲಿಲ್ಲ. ಅವರು ನೆಲದ ಮೇಲೆ ಬಿದ್ದ ಹನಿಗಳನ್ನೇ ನೋಡುತ್ತ ನನ್ನ ಹಿಂದೆ ಹಿತ್ತಿಲಿಗೆ ಬಂದರು. ನಾನು ಸುರಿಯುವುದನ್ನು ನೋಡಿದರು, ಮರ ಕುಡಿಯುವುದನ್ನು ನೋಡಿದರು. ಒಳಗೆ ಹೋಗಿ, ನನ್ನ ಕುರ್ಚಿಯಲ್ಲಿ ಕೂತು, ತಪಾಸಣೆ ಪುಸ್ತಕದಲ್ಲಿ ಬರೆದರು.

ಎಷ್ಟೇ ಸುಸ್ತಾಗಿದ್ದರೂ ಯಾರಾದರೂ ಬರೆದದ್ದನ್ನು ಓದದೆ ಬಿಡುವ ಜಾಯಮಾನ ನನ್ನದಲ್ಲ. ಬಕೆಟ್ ಕೆಳಗಿಟ್ಟು ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ. ದುಂಡಾದ ಅಕ್ಷರಗಳಲ್ಲಿ ಹೀಗಿತ್ತು: "ಹೊಸ ಪೈಪು ಸುಸ್ಥಿತಿಯಲ್ಲಿದೆ. ಸೋರಿಕೆ ಒಂದು: ಮನೆಯ ಯಜಮಾನರು."

"ರಿಪೇರಿ ಮಾಡಿಸ್ಬೇಕಾಗುತ್ತಾ ಮೇಡಂ?" ಎಂದು ನನ್ನ ಹೆಂಡತಿ ತುಸು ಆತಂಕದಿಂದ ಕೇಳಿದಳು.

"ಬೇಡಮ್ಮ," ಎಂದು ಅವರು ಪುಸ್ತಕ ಮುಚ್ಚಿದರು. "ಸದ್ಯಕ್ಕೆ ಚೆನ್ನಾಗಿ ಸೋರ್ತಿದ್ದಾರೆ."